ಆಕಾಶಕ್ಕೊಬ್ಬ ನೀರುಗಂಟಿ

ರಾತ್ರಿಯ ಹೊತ್ತು ಮಧ್ಯಮ ತರಂಗಗಳ ರೇಡಿಯೋವಿನ ಗುಂಡಿಯನ್ನು ಮೆಲ್ಲನೆ ತಿರುಗಿಸಿದರೆ, ಒಂದು ನಿಲಯದ ಹಾಡಿಗೂ ಮತ್ತೊಂದರ ಮಾತಿಗೂ ನಡುವೆ ತೀಕ್ಷ್ಣವಾದ ಸಿಳ್ಳೊಂದು ಕೇಳಿಬರುವುದುಂಟು. ಅದನ್ನು ಯಾರೂ ಊದಿದ್ದಲ್ಲ. ಎರಡು ಪ್ರೇಷಕಗಳ ತರಂಗಗಳು ನಮ್ಮ ಗ್ರಾಹಕದಲ್ಲಿ ಬೆರೆತಾಗ, ಅವುಗಳ ಆವೃತ್ತಿಗಳ ವ್ಯತ್ಯಾಸಕ್ಕೆ ಸಮನಾದ ಹೊಸ ಸ್ವರವೊಂದು ಹುಟ್ಟುತ್ತದೆ. ಒಂದರ ಆವೃತ್ತಿ 930 ಕಿಲೋಹರ್ಟ್ಸ್, ಇನ್ನೊಂದರದು 929 ಆದರೆ, ಸೆಕೆಂಡಿಗೆ 1000 ಕಂಪನಗಳ ಸಿಳ್ಳು ಕೇಳುವುದು. 1926ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಅಸಂಖ್ಯ ಮನೆಗಳಲ್ಲಿ ಈ ಸಿಳ್ಳು ಸಂಗೀತವನ್ನೆಲ್ಲ ನುಂಗಿಬಿಟ್ಟಿತು. ಅದನ್ನು ಅಡಗಿಸಲು ಯಂತ್ರಗಳು ಸಾಲದೆ ಶಾಸನವೇ ಬೇಕಾಯಿತು. ಹೀಗೇಕಾಯಿತೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ನಮ್ಮ ಹಳ್ಳಿಗಳ ಕೆರೆಗೆ ನೀರುಗಂಟಿಯೊಬ್ಬನಿರುತ್ತಿದ್ದನು. ಯಾವ ಗದ್ದೆಗೆ ಯಾವಾಗ ನೀರು ಹರಿಯಬೇಕೆಂಬುದನ್ನು ನೋಡಿ ತೂಬನ್ನು ತೆರೆಯುವುದು ಅವನ ಕೆಲಸ. ಆಕಾಶಕ್ಕೂ ಅಂತಹವನೊಬ್ಬ ಬೇಕೆ? ರೇಡಿಯೋ ತರಂಗವು ನೀರಿನಂತೆ ಬಳಸಿದಷ್ಟೂ ಕರಗುವ ವಸ್ತುವಲ್ಲ. ಒಂದು ನಿಲಯವನ್ನು ಸಾವಿರ ಜನ ಕೇಳಿದರೂ ಲಕ್ಷ ಜನ ಕೇಳಿದರೂ ಒಂದೇ. ಆದರೆ ಒಂದೇ ಪ್ರದೇಶದಲ್ಲಿ ಇಬ್ಬರು ಒಂದೇ ಆವೃತ್ತಿಯಲ್ಲಿ ಏಕಕಾಲಕ್ಕೆ ನುಡಿದರೆ, ಇಬ್ಬರ ಮಾತೂ ಕೆಡುತ್ತದೆ. ನೀರಿನ ಜಗಳದಲ್ಲಿ ಬಲಶಾಲಿಗಾದರೂ ನೀರು ದಕ್ಕೀತು. ತರಂಗಗಳ ಜಗಳದಲ್ಲಿ ಅನೇಕ ವೇಳೆ ಯಾರಿಗೂ ಏನೂ ದಕ್ಕುವುದಿಲ್ಲ.

ನಿಸ್ತಂತು ವಿದ್ಯೆಯ ಬಾಲ್ಯದಲ್ಲಿ ಈ ತೊಂದರೆ ಇನ್ನೂ ಹೆಚ್ಚಾಗಿದ್ದಿತು. ಅಂದಿನ ಪ್ರೇಷಕಗಳು ವಿದ್ಯುತ್ ಕಿಡಿಯಿಂದ ತರಂಗಗಳನ್ನು ಎಬ್ಬಿಸುತ್ತಿದ್ದವು. ಕೊಳಲಿಗೆ ನಿರ್ದಿಷ್ಟವಾದ ಶ್ರುತಿಯಿದೆ, ಚಪ್ಪಾಳೆಗೆ ಇಲ್ಲ. ಕಿಡಿಯ ತರಂಗವು ಚಪ್ಪಾಳೆಯಂತೆ ಕ್ಷಣದಲ್ಲಿ ಅಡಗುವುದರಿಂದ ಒಂದು ಆವೃತ್ತಿಯಲ್ಲಿ ನಿಲ್ಲದೆ, ಅಕ್ಕಪಕ್ಕದ ಆವೃತ್ತಿಗಳ ಮೇಲೂ ಹರಡಿಕೊಳ್ಳುತ್ತಿತ್ತು. ನೌಕಾಪಡೆ, ವರ್ತಕರ ಹಡಗುಗಳು, ಮನೆಯಲ್ಲೇ ಯಂತ್ರ ಕಟ್ಟಿಕೊಂಡ ಹವ್ಯಾಸಿ ಹುಡುಗರು, ಎಲ್ಲರೂ ಈ ಗದ್ದಲದಲ್ಲಿ ಪಾಲುದಾರರು. 1910ರಲ್ಲಿ ಅಮೆರಿಕವು, 50 ಅಥವಾ ಹೆಚ್ಚು ಜನರನ್ನು ಹೊತ್ತು ದೂರ ಪ್ರಯಾಣ ಮಾಡುವ ಹಡಗುಗಳಲ್ಲಿ 100 ಮೈಲಿ ಮುಟ್ಟುವ ನಿಸ್ತಂತು ಯಂತ್ರವಿರಬೇಕೆಂದು ವಿಧಿಸಿತು. ಆದರೆ ಯಂತ್ರದ ಬಳಿ ಹಗಲಿರುಳೂ ಯಾರಾದರೂ ಕುಳಿತು ಕೇಳಬೇಕೆಂದು ಅದರಲ್ಲಿ ಹೇಳಿರಲಿಲ್ಲ.

ಈ ಕೊರತೆಯ ಬೆಲೆಯು ಎರಡೇ ವರ್ಷಗಳಲ್ಲಿ ತಿಳಿದುಬಂದಿತು. 1912ರ ಏಪ್ರಿಲ್ 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಬ್ರಿಟಿಷ್ ಹಡಗು ಟೈಟಾನಿಕ್ ನೀರ್ಗಲ್ಲ ಬಂಡೆಗೆ ತಾಗಿತು. ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗು ಸುಮಾರು 20 ಮೈಲಿಯೊಳಗೆ ನಿಂತಿದ್ದಿತು. ಅದರಲ್ಲಿದ್ದ ಒಬ್ಬನೇ ನಿಸ್ತಂತು ಚಾಲಕನು ದಿನವಿಡೀ ದುಡಿದು, ಅಪಘಾತಕ್ಕೆ ಸ್ವಲ್ಪ ಮುಂಚೆ ಯಂತ್ರ ನಿಲ್ಲಿಸಿ ಮಲಗಲು ಹೋಗಿದ್ದನು. ಮೊರೆಯನ್ನು ಕೇಳಿ ಧಾವಿಸಿದ ಕಾರ್ಪಾಥಿಯಾ 58 ಮೈಲಿ ದೂರದಲ್ಲಿತ್ತು. ಅದು ಬರುವಷ್ಟರಲ್ಲಿ ಟೈಟಾನಿಕ್ ಮುಳುಗಿ ಸುಮಾರು 1500 ಜನ ಮಡಿದಿದ್ದರು; ಬದುಕಿದವರು 700ಕ್ಕೂ ಸ್ವಲ್ಪ ಹೆಚ್ಚು. ಇತ್ತ ದಡದಲ್ಲಿ, ಪ್ರಯಾಣಿಕರೆಲ್ಲ ಕ್ಷೇಮವೆಂಬ ಸುಳ್ಳು ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಸಂದೇಶಗಳು ಒಂದಕ್ಕೊಂದು ಬೆರೆತುದೇ ಕಾರಣವೆಂದು ಹೇಳಿ, ಹವ್ಯಾಸಿಗಳ ಮೇಲೆ ದೂರು ಹೊರಿಸಲಾಯಿತು.

ಅದೇ ವರ್ಷ ಜುಲೈನಲ್ಲಿ ಅಮೆರಿಕವು ಹಡಗುಗಳಲ್ಲಿ ಅಹೋರಾತ್ರಿ ಆಲಿಸುವುದನ್ನು ಕಡ್ಡಾಯ ಮಾಡಿತು. ಆಗಸ್ಟ್ 13ರಂದು ಮೊದಲ ರೇಡಿಯೋ ಕಾಯಿದೆಯು ಅಂಗೀಕೃತವಾಗಿ, ಪ್ರೇಷಕವನ್ನು ನಡೆಸಲು ಸರ್ಕಾರದ ಪರವಾನಗಿ ಅವಶ್ಯಕವಾಯಿತು. ಆಪತ್ತಿನ ಕರೆಗೆ ಮೊದಲ ಸ್ಥಾನ ದೊರೆಯಿತು. 600ರಿಂದ 1600 ಮೀಟರ್‌ವರೆಗಿನ ತರಂಗಗಳು ಸರ್ಕಾರಕ್ಕೆ ಮೀಸಲಾದವು. ಹವ್ಯಾಸಿಗಳಿಗೆ ಉಳಿದುದು 200 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ತರಂಗಗಳು. ಅವು ದೂರಕ್ಕೆ ಮುಟ್ಟಲಾರವೆಂದು ಆಗಿನ ತಜ್ಞರ ನಂಬಿಕೆ. ಆದರೆ 1923ರ ನವೆಂಬರ್‌ನಲ್ಲಿ ಹವ್ಯಾಸಿಗಳೇ ಸುಮಾರು 110 ಮೀಟರ್ ತರಂಗದಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ಗಳ ನಡುವೆ ಸಂಭಾಷಿಸಿದರು! ಉಪಯೋಗವಿಲ್ಲವೆಂದು ಬಿಟ್ಟುಕೊಟ್ಟ ಬೀಳುಭೂಮಿಯೇ ಹೊನ್ನಿನ ಹೊಲವಾಯಿತು.

ಅಷ್ಟರಲ್ಲಿ ಪ್ರಸಾರ ನಿಲಯಗಳ ಕಾಲ ಬಂದಿದ್ದಿತು. 1920ರಲ್ಲಿ ಬೆರಳೆಣಿಕೆಯಷ್ಟಿದ್ದವು, 1922ರ ಕೊನೆಗೆ 500 ದಾಟಿದವು. 1912ರ ಕಾಯಿದೆಯನ್ನು ಬರೆದವರು ಇಂತಹ ನಿಲಯಗಳನ್ನು ಊಹಿಸಿಯೇ ಇರಲಿಲ್ಲ. ಪರವಾನಗಿ ಕೇಳಿದವರಿಗೆ ಇಲ್ಲವೆನ್ನುವ ಅಧಿಕಾರ ವಾಣಿಜ್ಯ ಸಚಿವ ಹರ್ಬರ್ಟ್ ಹೂವರ್ ಅವರಿಗಿಲ್ಲವೆಂದು 1923ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ಷಿಕಾಗೋದ ಜೆನಿತ್ ಕಂಪನಿಯ ನಿಲಯಕ್ಕೆ ವಾರಕ್ಕೆ ಎರಡೇ ಗಂಟೆಗಳ ಅವಕಾಶ ಸಿಕ್ಕಿದ್ದಿತು. ಅದು ಬೇಸತ್ತು, ಕೆನಡಕ್ಕೆ ಬಿಟ್ಟಿದ್ದ ಆವೃತ್ತಿಗೆ ಹಾರಿತು. ಇದಕ್ಕೆ ಶಿಕ್ಷಿಸಲು ಕಾಯಿದೆಯಲ್ಲಿ ಆಧಾರವಿಲ್ಲವೆಂದು 1926ರ ಏಪ್ರಿಲ್‌ನಲ್ಲಿ ಮತ್ತೊಂದು ತೀರ್ಪು ಬಂದಿತು. ಇದ್ದೊಬ್ಬ ನೀರುಗಂಟಿಯ ಕೈಯಿಂದ ತೂಬಿನ ಕೀಲಿ ಜಾರಿತು. ಕೆಲವೇ ತಿಂಗಳುಗಳಲ್ಲಿ ಸುಮಾರು 200 ಹೊಸ ನಿಲಯಗಳು ತಲೆಯೆತ್ತಿದವು. ಹಳೆಯವು ಇಷ್ಟಬಂದ ಆವೃತ್ತಿಗೆ ಜಿಗಿದವು. ಸಿಳ್ಳು ಮನೆಮನೆಯನ್ನೂ ಹೊಕ್ಕಿತು.

ಇಲ್ಲಿ ನಾವು ಸಣ್ಣದೊಂದು ಲೆಕ್ಕ ಮಾಡೋಣ. ಪ್ರಸಾರಕ್ಕೆ ದೊರೆತುದು 550ರಿಂದ 1500 ಕಿಲೋಹರ್ಟ್ಸ್‌ವರೆಗಿನ ಆವೃತ್ತಿಗಳು. ಸೆಕೆಂಡಿಗೆ 5000 ಕಂಪನಗಳವರೆಗಿನ ಧ್ವನಿಯನ್ನು ವಾಹಕ ತರಂಗದ ಮೇಲೆ ಹೊರಿಸಿದರೆ, ಅದರ ಎರಡು ಪಕ್ಕಗಳಲ್ಲೂ 5 ಕಿಲೋಹರ್ಟ್ಸ್ ಜಾಗ ಬೇಕು. ಎಂದರೆ ನಿಲಯವೊಂದಕ್ಕೆ 10 ಕಿಲೋಹರ್ಟ್ಸ್. 950ನ್ನು 10ರಿಂದ ಭಾಗಿಸಿ, ಮೊದಲನೆಯದನ್ನೂ ಎಣಿಸಿದರೆ ಸಿಗುವ ಸ್ಥಾನಗಳು ಕೇವಲ 96. ನಿಲಯಗಳೋ 700ಕ್ಕೂ ಹೆಚ್ಚು! ದೂರದೂರದ ಚಿಕ್ಕ ನಿಲಯಗಳು ಒಂದೇ ಸ್ಥಾನವನ್ನು ಹಂಚಿಕೊಳ್ಳಬಹುದು. ಎಲ್ಲರಿಗೂ ಪೂರ್ಣ ಶಕ್ತಿ, ಪೂರ್ಣ ಕಾಲ ಎಂಬುದು ಮಾತ್ರ ಅಸಾಧ್ಯ. ಈ ಮಿತಿಯನ್ನು ಹಾಕಿದ್ದು ಯಾವ ಮಂತ್ರಿಯೂ ಅಲ್ಲ, ನಿಸರ್ಗವೇ.

1927ರ ಫೆಬ್ರುವರಿ 23ರ ಹೊಸ ಕಾಯಿದೆಯು ಈ ಸತ್ಯವನ್ನು ಒಪ್ಪಿಕೊಂಡಿತು. ತರಂಗಕ್ಕೆ ಯಾರೂ ಒಡೆಯರಲ್ಲ. ಪರವಾನಗಿಯು ನಿರ್ದಿಷ್ಟ ಅವಧಿಗೆ ಮಾತ್ರ. ಅದನ್ನು ಕೊಡುವಾಗ ಸಾರ್ವಜನಿಕರ ಹಿತ, ಅನುಕೂಲ, ಅವಶ್ಯಕತೆಗಳನ್ನು ನೋಡತಕ್ಕದ್ದು. ಐವರು ಸದಸ್ಯರ ಆಯೋಗವೊಂದು ಹಂಚಿಕೆಗೆ ತೊಡಗಿತು. 1928ರ ನವೆಂಬರ್‌ನಲ್ಲಿ 96 ಸ್ಥಾನಗಳ ಹೊಸ ಏರ್ಪಾಡು ಜಾರಿಗೆ ಬಂದಿತು. ಸಿಳ್ಳು ಬಹಳ ಮಟ್ಟಿಗೆ ಅಡಗಿತು. ಆದರೆ ಒಳ್ಳೆಯ ಸ್ಥಾನಗಳು ಬಹುಪಾಲು ಹಣವಂತ ನಿಲಯಗಳ ಪಾಲಾಗಿ, ಕಾಲೇಜುಗಳು ನಡೆಸುತ್ತಿದ್ದ ಅನೇಕ ಪುಟ್ಟ ನಿಲಯಗಳು ಮುಂದಿನ ವರ್ಷಗಳಲ್ಲಿ ಮೌನವಾದವು. ನೀರುಗಂಟಿ ಇದ್ದರೆ ಸಾಲದು, ಅವನು ಬಡವನ ಗದ್ದೆಯನ್ನೂ ನೋಡಬೇಕು.

ನಮ್ಮ ದೇಶದಲ್ಲಿ 1933ರ ನಿಸ್ತಂತು ಕಾಯಿದೆಯ ಮೇರೆಗೆ ರೇಡಿಯೋ ಕೇಳುವವರೂ ಪರವಾನಗಿ ಪಡೆಯಬೇಕಾಗಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟುವ ಆ ಪದ್ಧತಿಯು 1980ರ ದಶಕದಲ್ಲಿ ಕೊನೆಗೊಂಡಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟ್ ಶಕ್ತಿಯ ಪ್ರೇಷಕದಿಂದ 'ಆಕಾಶವಾಣಿ'ಯನ್ನು ಆರಂಭಿಸಿದುದನ್ನು ಇಲ್ಲಿ ನೆನೆಯಬೇಕು. ಒಬ್ಬ ಅಧ್ಯಾಪಕನ ದನಿಗೂ ಆಕಾಶದಲ್ಲಿ ಎಡೆಯಿದ್ದಿತು. 1995ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿತು.

ಇಂದು ನಮ್ಮ ಜೇಬಿನ ಫೋನುಗಳೂ ಇದೇ ಹಂಚಿಕೆಯನ್ನು ನಂಬಿವೆ. ಎಷ್ಟು ಸ್ಥಾನಗಳಿವೆಯೆಂಬುದನ್ನು ಭೌತವಿಜ್ಞಾನವು ಲೆಕ್ಕ ಹಾಕಿ ಹೇಳಬಲ್ಲುದು. ಅವು ಯಾರಿಗೆ ಸಲ್ಲಬೇಕೆಂಬುದನ್ನು ಹೇಳಲಾರದು. ಅದನ್ನು ನಾಗರಿಕರಾದ ನಾವೇ ನಿರ್ಧರಿಸಬೇಕು. ಮುಂದೊಮ್ಮೆ ರೇಡಿಯೋವಿನಲ್ಲಿ ಆ ಸಿಳ್ಳು ಕೇಳಿಸಿದಾಗ, ವಿದ್ಯಾರ್ಥಿಗಳು ಈ ಎರಡು ಮಾತುಗಳನ್ನೂ ನೆನೆಯಲಿ.