ಚಿಪ್ ಎಸೆಯುವ ಮೊದಲು ತಂತಿ ನೋಡಿ

ಹೂಡಿ, ವೈಟ್‌ಫೀಲ್ಡ್ ಕಡೆಯ ವಿದ್ಯಾರ್ಥಿ ಮಿತ್ರರೇ, ಎಸ್.ಪಿ. ರಸ್ತೆಯಿಂದ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ತಂದಿದ್ದೀರಿ. ಗಣಕದಲ್ಲಿ ಬರೆದ ಆದೇಶಗಳನ್ನು ಅದರೊಳಗೆ ತುಂಬುವ ಪ್ರೋಗ್ರಾಮರ್‌ಗೆ ಜೋಡಿಸಿದ್ದೀರಿ. ಚಿಪ್ ಉತ್ತರ ಕೊಡುತ್ತಿಲ್ಲವೆ? ಅದು ಸುಟ್ಟಿತೆಂದು ಎಸೆಯಬೇಡಿ. ಬಹಳ ಸಲ ತಪ್ಪಿರುವುದು ತಂತಿಯಲ್ಲಿ.

ಮೊದಲು ಮಲ್ಟಿಮೀಟರ್ ಹಿಡಿಯಿರಿ. ಚಿಪ್ಪಿನ ಕಾಲಿನ ಮೇಲೆಯೇ ಅಳೆಯಿರಿ: 7 ಮತ್ತು 20ಕ್ಕೆ ವಿದ್ಯುತ್ತು, 8 ಮತ್ತು 22ಕ್ಕೆ ಗ್ರೌಂಡ್. ಪ್ರೋಗ್ರಾಮರಿನ ಗ್ರೌಂಡ್ ಕೂಡ ಇಲ್ಲಿಗೇ ಸೇರಿರಬೇಕು. ಆಮೇಲೆ ವಿದ್ಯುತ್ತು ತೆಗೆದು ಉಳಿದ ನಾಲ್ಕು ತಂತಿಗಳನ್ನು ನೋಡಿ: ರೀಸೆಟ್ 1, ಮೋಸಿ 17, ಮಿಸೊ 18, ಎಸ್‌ಸಿಕೆ 19. ಮೋಸಿ ಚಿಪ್ಪಿಗೆ ಮಾತು ಒಯ್ಯುತ್ತದೆ (ಮೋಸ ಹೆಸರಿನಲ್ಲಷ್ಟೇ!), ಮಿಸೊ ಉತ್ತರ ತರುತ್ತದೆ, ಎಸ್‌ಸಿಕೆ ತಾಳ ಹಾಕುತ್ತದೆ. ಸೀರಿಯಲ್ ಜೋಡಣೆಯ ರೂಢಿಯಿಂದ ಕೆಲವರು ಮೋಸಿ, ಮಿಸೊಗಳನ್ನು ಅದಲುಬದಲು ಮಾಡುತ್ತಾರೆ. ಇಲ್ಲಿ ಮೋಸಿಗೆ ಮೋಸಿಯೇ. ಬೋರ್ಡನ್ನು ಮಗುಚಿ ಬೆಸುಗೆ ಹಾಕುವಾಗ ಎಡ ಬಲವಾಗುತ್ತದೆ, ಎಚ್ಚರ.

ಈಗ ಚಿಪ್ಪಿನ ಗುರುತನ್ನಷ್ಟೇ ಕೇಳಿ. 1ಇ 95 0ಎಫ್ ಬಂದರೆ ಜೋಡಣೆ ಸರಿ. ಬರೀ ಸೊನ್ನೆ ಅಥವಾ ಬರೀ ಎಫ್‌ಎಫ್ ಬಂದರೆ ಮತ್ತೆ ತಂತಿಗೇ ಹೋಗಿ. ಪ್ರತಿ ಸಲ ಬೇರೆ ಬೇರೆ ಉತ್ತರವೆ? ಸಡಿಲ ತಂತಿ ಇರಬಹುದು, ವೇಗ ಹೆಚ್ಚಾಗಿರಬಹುದು. ಹೊಸ ಚಿಪ್ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಎಸ್‌ಸಿಕೆ ಅದರ ಕಾಲು ಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸ್‌ಗಿಂತ, ಕಡಿಮೆ ಇರಲಿ.