ಸರ್ವರ್ ಮಲಗಿದರೆ ಎಬ್ಬಿಸುವವರು ಯಾರು?

ನಮ್ಮ ಲ್ಯಾಬ್‌ನಲ್ಲಿ ಕಂಪ್ಯೂಟರ್ ಹ್ಯಾಂಗ್ ಆದರೆ ಗುಂಡಿ ಒತ್ತಿ ಆಫ್ ಮಾಡಿ ಮತ್ತೆ ಆನ್ ಮಾಡುತ್ತೇವೆ. ದೂರದ ಊರಿನಲ್ಲಿರುವ ಸರ್ವರ್ ನಡುರಾತ್ರಿ ನಿಂತರೆ ಆ ಗುಂಡಿ ಒತ್ತುವವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಆರಂಭವಾದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರ್ ಒಂದೇ ಯಂತ್ರವಲ್ಲ, ನೂರಾರು ಸರ್ವರ್‌ಗಳ ಕೂಟ. ಅಷ್ಟಕ್ಕೂ ಒಂದೊಂದು ಮಾನಿಟರ್, ಕೀಬೋರ್ಡ್ ಇಡಲು ಸಾಧ್ಯವೇ?

ಇದಕ್ಕಾಗಿಯೇ ಸರ್ವರ್‌ನ ಮದರ್‌ಬೋರ್ಡ್ ಮೇಲೆ ಮತ್ತೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದರ ಹೆಸರು ಬಿಎಂಸಿ. ಡೆಲ್ ಕಂಪನಿಯವರು ಇದನ್ನು ಐಡ್ರ್ಯಾಕ್ ಎಂದೂ ಎಚ್‌ಪಿಇಯವರು ಐಲೋ ಎಂದೂ ಕರೆಯುತ್ತಾರೆ. ಬೇರೆ ಬೇರೆ ಕಂಪನಿಗಳ ಸರ್ವರ್‌ಗಳನ್ನು ಒಂದೇ ರೀತಿಯಲ್ಲಿ ನಿರ್ವಹಿಸಲು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ 1998ರಲ್ಲಿ ಐಪಿಎಂಐ ಎಂಬ ನಿಯಮಾವಳಿ ತಂದವು. ಬಿಎಂಸಿಗೆ ತನ್ನದೇ ಪ್ರೊಸೆಸರ್, ಮೆಮೊರಿ, ನೆಟ್‌ವರ್ಕ್ ವಿಳಾಸ ಇರುತ್ತವೆ. ಸರ್ವರ್ ಆಫ್ ಆಗಿದ್ದರೂ ಪವರ್ ಕೇಬಲ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಇದು ಎಚ್ಚರವಾಗಿರುತ್ತದೆ. ಕರೆಂಟೇ ಹೋದರೆ ಇದೂ ಮಲಗುತ್ತದೆ. ಆದ್ದರಿಂದ ಯುಪಿಎಸ್ ಬೇಕೇ ಬೇಕು.

ಇದನ್ನು ಹೊಂದಿಸುವ ಕ್ರಮ ಹೀಗಿದೆ:

1. ಬಿಎಂಸಿಗೆ ಮೀಸಲಾದ ನೆಟ್‌ವರ್ಕ್ ಪೋರ್ಟ್ ಇದ್ದರೆ ಕೇಬಲನ್ನು ಅದಕ್ಕೇ ಹಾಕಿ.

2. ಸರ್ವರ್ ಆನ್ ಆಗುವಾಗ ಸೆಟಪ್ ಪರದೆಗೆ ಹೋಗಿ. ಡೆಲ್‌ನಲ್ಲಿ ಇದಕ್ಕೆ ಎಫ್2 ಕೀಲಿ.

3. ವಿಳಾಸ ತಾನಾಗಿಯೇ ಸಿಗುವ ಡಿಎಚ್‌ಸಿಪಿ ಬದಲು ‘ಸ್ಟ್ಯಾಟಿಕ್’ ಆರಿಸಿ. ವಿಳಾಸ ಬದಲಾಗುತ್ತಿದ್ದರೆ ತುರ್ತು ಹೊತ್ತಿನಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

4. ಐಪಿ ವಿಳಾಸ 192.168.10.50, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.10.1 — ಹೀಗೆ ಮೂರನ್ನೂ ತುಂಬಿ. ಆ ಐಪಿ ವಿಳಾಸ ಬೇರೆ ಯಂತ್ರಕ್ಕೆ ಕೊಟ್ಟಿರಬಾರದು.

5. ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ.

ನಾಲ್ಕನೆಯ ಹಂತದಲ್ಲಿ ಗೇಟ್‌ವೇ ತಪ್ಪಿದರೆ ಒಂದು ವಿಚಿತ್ರ ನಡೆಯುತ್ತದೆ. ಅದೇ ನೆಟ್‌ವರ್ಕ್‌ನ ಪಕ್ಕದ ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ದೂರದ ಕಚೇರಿಯಿಂದ ಮಾಡಿದರೆ ಬರುವುದಿಲ್ಲ. ಗೇಟ್‌ವೇ ಎಂದರೆ ಊರಿನ ಅಗಸೆ ಬಾಗಿಲಿದ್ದಂತೆ; ಓಣಿಯೊಳಗೆ ಓಡಾಡಲು ಅದು ಬೇಡ, ಊರು ದಾಟಲು ಬೇಕು. ಹಾಗಾಗಿ ಸರ್ವರ್ ಬಿಟ್ಟು ಹೊರಡುವ ಮೊದಲು ಬೇರೆ ನೆಟ್‌ವರ್ಕ್‌ನಿಂದಲೂ ಪರೀಕ್ಷಿಸಬೇಕು. ಇಲ್ಲದಿದ್ದರೆ ಒಂದು ಅಂಕಿಗಾಗಿ ರಾತ್ರಿ ಬಸ್ಸು ಹತ್ತಬೇಕಾದೀತು.

ಐದನೆಯ ಹಂತ ಇನ್ನೂ ಮುಖ್ಯ. ಹಳೆಯ ಡೆಲ್ ಸರ್ವರ್‌ಗಳಿಗೆಲ್ಲ ‘ರೂಟ್’ ಎಂಬ ಹೆಸರು, ‘ಕ್ಯಾಲ್ವಿನ್’ ಎಂಬ ಪಾಸ್‌ವರ್ಡ್ ಇದ್ದದ್ದು ಜಗತ್ತಿಗೇ ಗೊತ್ತು. ಬಿಎಂಸಿ ಕೈಗೆ ಸಿಕ್ಕರೆ ಸರ್ವರ್ ಎದುರೇ ಕುಳಿತಂತೆ: ಆಫ್ ಮಾಡಬಹುದು, ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ ಇದ್ದುದನ್ನೆಲ್ಲ ಅಳಿಸಲೂಬಹುದು. 2018ರಲ್ಲಿ ಇಂಥ ದಾರಿಯಿಂದಲೇ ನುಗ್ಗಿ ಹಣ ಕೇಳಿದ ರ‍್ಯಾನ್ಸಮ್‌ವೇರ್ ದಾಳಿಗಳು ನಡೆದವು. ಇನ್ನೂ ಒಂದು ತೊಡಕಿದೆ: ಐಪಿಎಂಐ 2.0ರ ವಿನ್ಯಾಸದ ದೋಷದಿಂದ, ಲಾಗಿನ್ ಆಗದೆಯೇ ಪಾಸ್‌ವರ್ಡಿನ ಹ್ಯಾಶ್ ಪಡೆದು ಅದನ್ನು ಊಹಿಸಲು ಸಾಧ್ಯ. ಆದ್ದರಿಂದ ಪಾಸ್‌ವರ್ಡ್ ಗಟ್ಟಿಯಾಗಿದ್ದರಷ್ಟೇ ಸಾಲದು. ಬಿಎಂಸಿಯನ್ನು ಪ್ರತ್ಯೇಕ ನೆಟ್‌ವರ್ಕ್‌ನಲ್ಲಿಟ್ಟು, ಇಂಟರ್ನೆಟ್‌ಗೆ ನೇರವಾಗಿ ತೆರೆಯದೆ, ವಿಪಿಎನ್ ಮೂಲಕ ಮಾತ್ರ ತಲುಪಬೇಕು.

ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೊಂದು ಪ್ರಶ್ನೆ: ಮೇಲಿನ ಬಿಎಂಸಿಯನ್ನು 192.168.10.77ರಿಂದ ಮತ್ತು 192.168.20.7ರಿಂದ ತಲುಪಬೇಕು. ಎರಡೂ ಕಂಪ್ಯೂಟರುಗಳ ಮಾಸ್ಕ್ ಮೇಲಿನದೇ. ಗೇಟ್‌ವೇ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ? ಮೊದಲ ಮೂರು ಅಂಕಿಗಳನ್ನು ಹೋಲಿಸಿ ನೋಡಿ, ಉತ್ತರ ಅಲ್ಲೇ ಇದೆ.