ಬೀರುವಿನ ವಿಡಿಯೊ ಕ್ಯಾಸೆಟ್ಟು ಕಂಪ್ಯೂಟರಿಗೆ: ಈಗಲೇ ಮಾಡಿಕೊಳ್ಳಬೇಕಾದ ಕೆಲಸ



ನಿಮ್ಮ ಸಂಘದ ಬೀರುವಿನಲ್ಲಿ, ಹಳೆಯ ಲೆಡ್ಜರುಗಳ ಹಿಂದೆ, ಕಪ್ಪು ಬಣ್ಣದ ವಿಡಿಯೊ ಕ್ಯಾಸೆಟ್ಟುಗಳು ಇವೆಯೇ ಎಂದು ಒಮ್ಮೆ ನೋಡಿ. ಸಂಘ ಉದ್ಘಾಟನೆಯಾದ ದಿನದ ಕ್ಯಾಸೆಟ್ಟು ಇರಬಹುದು. ಮೊದಲ ಸರ್ವಸದಸ್ಯರ ಸಭೆಯದು ಇರಬಹುದು. ಮೇವು ಬೆಳೆಯುವುದು, ಕರು ಸಾಕುವುದು, ಶುದ್ಧ ಹಾಲು ಉತ್ಪಾದನೆ ಇಂಥ ವಿಷಯಗಳ ತರಬೇತಿ ಕ್ಯಾಸೆಟ್ಟೂ ಇರಬಹುದು. ಮನೆಯ ಅಟ್ಟದ ಮೇಲೂ ಮದುವೆ, ನಾಮಕರಣ, ಗೃಹಪ್ರವೇಶದ ಕ್ಯಾಸೆಟ್ಟು ಒಂದೆರಡು ಸಿಕ್ಕೀತು.

ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ‘ಸ್ಟೆಪ್’ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲಿ ಅನೇಕ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿಕೊಂಡವು. ಊರಿನ ಸಮಾರಂಭಗಳಿಗೆ ವಿಡಿಯೊ ಕ್ಯಾಮೆರಾದವರನ್ನು ಕರೆಸುವ ರೂಢಿ ಬೆಳೆದದ್ದೂ ಅದೇ ಕಾಲದಲ್ಲಿ. ಮನೆ ಮನೆಗೆ ಹೋಗಿ ಷೇರು ಹಣ ಕೂಡಿಸಿದ ತಾಯಂದಿರ ಮುಖ, ಮಾತು, ನಡಿಗೆ ಅಂಥ ಕ್ಯಾಸೆಟ್ಟುಗಳಲ್ಲಿ ಉಳಿದಿರಬಹುದು. ಅವರಲ್ಲಿ ಕೆಲವರು ಇಂದು ನಮ್ಮೊಡನೆ ಇಲ್ಲ. ಬೇರೆ ಪ್ರತಿ ಇಲ್ಲದ ಆ ಕ್ಯಾಸೆಟ್ಟು ಹಾಳಾದರೆ ಅವರ ದನಿಯೂ ಹೋದಂತೆ.

ಕಂಪ್ಯೂಟರ್, ಸಣ್ಣದೊಂದು ಸಾಧನ, ಸುಸ್ಥಿತಿಯಲ್ಲಿರುವ ವಿಸಿಆರ್ ಅಥವಾ ವಿಸಿಪಿ ಇದ್ದರೆ ಈ ಕ್ಯಾಸೆಟ್ಟುಗಳನ್ನು ನಾವೇ ಉಳಿಸಿಕೊಳ್ಳಬಹುದು. ಸಂಘದ ಕಂಪ್ಯೂಟರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹೆಣ್ಣುಮಕ್ಕಳಿಗೆ ಇದು ಕಷ್ಟದ ಕೆಲಸವೇನಲ್ಲ.

ಏಕಿಷ್ಟು ಅವಸರ?

ಕ್ಯಾಸೆಟ್ಟಿನ ಒಳಗಿರುವುದು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಆಯಸ್ಕಾಂತದ ಗುಣವಿರುವ ಪುಡಿಯ ತೆಳು ಲೇಪ ಇರುತ್ತದೆ. ಚಿತ್ರ, ಧ್ವನಿ ಎರಡೂ ಆ ಲೇಪದಲ್ಲಿವೆ. ತೇವ, ಬಿಸಿ, ದೂಳು ತಗುಲಿದಂತೆ ಲೇಪ ಸಡಿಲವಾಗುತ್ತದೆ, ಮಳೆಗಾಲದಲ್ಲಿ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಕ್ಯಾಸೆಟ್ಟು ಚೆನ್ನಾಗಿದ್ದರೂ ಓಡಿಸುವ ಯಂತ್ರ ಬೇಕಲ್ಲ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಈ ಯಂತ್ರ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ ಅದೇ. ಈಗ ಸಿಗುವುದೆಲ್ಲ ಹಳೆಯ ಯಂತ್ರ, ಅದನ್ನು ರಿಪೇರಿ ಮಾಡಬಲ್ಲವರೂ ಕಡಿಮೆಯಾಗುತ್ತಿದ್ದಾರೆ.

ಹಾಲು ಉತ್ಪಾದಕರ ಕಥೆ ಹೇಳುವ ‘ಮಂಥನ್’ ಹಿಂದಿ ಚಿತ್ರ ನಿಮಗೆ ಗೊತ್ತಿರಬಹುದು. ಗುಜರಾತಿನ 5 ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಈ ಚಿತ್ರವನ್ನು ಶ್ಯಾಮ್ ಬೆನಗಲ್ ನಿರ್ದೇಶಿಸಿದರು. 1976ರ ಆ ಚಿತ್ರದ ಹಳೆಯ ರೀಲುಗಳನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆ ಸರಿಪಡಿಸಿ ಹೊಸ ಪ್ರತಿ ಮಾಡಿತು. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಅಷ್ಟು ಹೆಸರಾದ ಚಿತ್ರವನ್ನು ಉಳಿಸಲು ದೊಡ್ಡ ಸಂಸ್ಥೆ ಮುಂದೆ ಬಂತು. ನಮ್ಮೂರ ಸಂಘದ ಕ್ಯಾಸೆಟ್ಟಿಗೆ ನಾವೇ ಮುಂದೆ ಬರಬೇಕು.

ಯಾವ ಸಾಧನ ಬೇಕು?

ಡೇರಿಯಲ್ಲಿ ಹಾಲಿನ ಮಾದರಿಯನ್ನು ಯಂತ್ರಕ್ಕೆ ಇಟ್ಟರೆ ಫ್ಯಾಟ್, ಎಸ್‌ಎನ್‌ಎಫ್ ಅಂಕಿಗಳಾಗಿ ಪರದೆಯ ಮೇಲೆ ಬರುತ್ತವೆ. ಕ್ಯಾಪ್ಚರ್ ಸಾಧನದ ಕೆಲಸವೂ ಹಾಗೆಯೇ. ವಿಸಿಆರ್‌ನಿಂದ ವೈರಿನಲ್ಲಿ ಬರುವ ಚಿತ್ರ, ಧ್ವನಿಗಳನ್ನು ಅದು ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಕೊಡುತ್ತದೆ. ಕಂಪ್ಯೂಟರ್ ಅದನ್ನು ಫೈಲಾಗಿ ಉಳಿಸುತ್ತದೆ.

ಹಿಂದೆ ಇದಕ್ಕೆ ಟಿವಿ ಟ್ಯೂನರ್ ಕಾರ್ಡ್ ಬಳಸುತ್ತಿದ್ದರು. ಅದನ್ನು ಕಂಪ್ಯೂಟರಿನ ಡಬ್ಬ ಬಿಚ್ಚಿ ಒಳಗೆ ಕೂರಿಸಬೇಕು. ಆಂಟೆನಾ ವೈರ್ ಕೊಟ್ಟರೆ ಕಂಪ್ಯೂಟರಿನಲ್ಲೇ ದೂರದರ್ಶನ ಬರುತ್ತಿತ್ತು. ದೂರದರ್ಶನದ ಹಳೆಯ ಬಗೆಯ ಪ್ರಸಾರ ಕೇಂದ್ರಗಳು ಬಹುತೇಕ ಮುಚ್ಚಿರುವುದರಿಂದ ಆಂಟೆನಾದಿಂದ ಈಗ ಪ್ರಯೋಜನವಿಲ್ಲ. ಆದರೆ ಅದೇ ಕಾರ್ಡಿನಲ್ಲಿ ಹಳದಿ ಸಾಕೆಟ್ ಇದ್ದರೆ ಕ್ಯಾಸೆಟ್ ತುಂಬಿಕೊಳ್ಳಲು ಬರುತ್ತದೆ. ತೊಂದರೆ ಒಂದೇ: ಹಳೆಯ ಕಾರ್ಡುಗಳಿಗೆ ಹೊಸ ವಿಂಡೋಸ್‌ನಲ್ಲಿ ಡ್ರೈವರ್ ಸಿಗುವುದು ಕಷ್ಟ.

ಆದ್ದರಿಂದ ಹೊಸದಾಗಿ ಕೊಳ್ಳುವವರು ಯುಎಸ್‌ಬಿ ಕ್ಯಾಪ್ಚರ್ ಸಾಧನ ಕೊಳ್ಳುವುದು ಮೇಲು. ಪೆನ್‌ಡ್ರೈವ್ ಗಾತ್ರದ್ದು, ಹೊರಗಿನಿಂದಲೇ ಚುಚ್ಚಬಹುದು. ಸಾಮಾನ್ಯ ದರ್ಜೆಯದು ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕೊಳ್ಳುವಾಗ ಒಂದು ಎಚ್ಚರ ಇರಲಿ: ಹಳದಿ, ಬಿಳಿ, ಕೆಂಪು ಪಿನ್ ಹಾಕುವ ಸಾಕೆಟ್ ಇರುವುದನ್ನೇ ಕೇಳಿ. ಎಚ್‌ಡಿಎಂಐ ಸಾಕೆಟ್ ಮಾತ್ರ ಇರುವ ಸಾಧನ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದರೆ ವಿಸಿಆರ್‌ಗೆ ನೇರವಾಗಿ ಜೋಡಿಸಲು ಬಾರದು.

ಯಾವ ಕಂಪ್ಯೂಟರ್?

ಹಾಲಿನ ತೂಕ, ಫ್ಯಾಟ್, ಬಟವಾಡೆ ಲೆಕ್ಕವಿರುವ ಸಂಘದ ಕಂಪ್ಯೂಟರನ್ನು ಈ ಕೆಲಸಕ್ಕೆ ಬಳಸಬೇಡಿ. ಹೊಸ ಸಾಫ್ಟ್‌ವೇರ್ ಹಾಕುವಾಗ ವೈರಸ್ ಬಂದರೆ, ಡಿಸ್ಕ್ ತುಂಬಿ ಯಂತ್ರ ನಿಂತರೆ ಇಡೀ ಊರಿನ ಬಟವಾಡೆ ತಡವಾಗುತ್ತದೆ. ಯಾರದಾದರೂ ಮನೆಯ ಲ್ಯಾಪ್‌ಟಾಪ್, ಮಕ್ಕಳು ಓದಿಗೆ ಬಳಸುವ ಕಂಪ್ಯೂಟರ್ ಸಾಕು. ನೀರು ಹರಿಯುವ ಹಾಲು ಸಂಗ್ರಹಣೆ ಕೋಣೆಯಿಂದ ದೂರ, ಒಣಗಿದ ಜಾಗದಲ್ಲಿ ಮೇಜು ಹಾಕಿಕೊಳ್ಳಿ.

ಒಂದು ಗಂಟೆಯ ವಿಡಿಯೊಗೆ ಸುಮಾರು 1ರಿಂದ 2 ಜಿಬಿ ಜಾಗ ಬೇಕು. ಮೂರು ಗಂಟೆಯ ಕ್ಯಾಸೆಟ್ಟಿಗೆ 6 ಜಿಬಿ ಇಟ್ಟುಕೊಂಡರೆ ಸಾಕಾಗುತ್ತದೆ.

ಕ್ಯಾಸೆಟ್ ಹಾಕುವ ಮುನ್ನ

* ಕ್ಯಾಸೆಟ್ಟಿನ ಕಿಟಕಿಯಿಂದ ಪಟ್ಟಿಯ ಸುರುಳಿ ನೋಡಿ. ಬಿಳಿ ಪುಡಿ ಅಥವಾ ನೂಲಿನಂಥದ್ದು ಕಂಡರೆ ಅದು ಬೂಷ್ಟು. ಅದನ್ನು ಓಡಿಸಲೇಬೇಡಿ. ಪಟ್ಟಿ ಹರಿಯುತ್ತದೆ, ಬೂಷ್ಟು ಯಂತ್ರಕ್ಕೂ ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಅಂಟುತ್ತದೆ. ಅಂಥದ್ದನ್ನು ಬೇರೆ ಇಟ್ಟು, ಈ ಕೆಲಸ ಬಲ್ಲವರಿಗೆ ಕೊಡಿ.
* ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಸಣ್ಣ ಪ್ಲಾಸ್ಟಿಕ್ ಚೂರು ಇದ್ದರೆ ಮುರಿದುಬಿಡಿ. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ.
* ಬಹಳ ದಿನ ಮೂಲೆಯಲ್ಲಿದ್ದ ವಿಸಿಆರ್ ಪಟ್ಟಿಯನ್ನು ಜಗಿದುಹಾಕುವುದುಂಟು. ಮೊದಲು ಬೇಡವಾದ ಕ್ಯಾಸೆಟ್ಟನ್ನು ಹಾಕಿ ಪರೀಕ್ಷಿಸಿ. ಮದುವೆ ಕ್ಯಾಸೆಟ್ಟು ಆಮೇಲೆ.
* ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೆ ಓಡಿಸಿ, ಮತ್ತೆ ಪೂರ್ತಿ ಹಿಂದಕ್ಕೆ ತನ್ನಿ. ಅಂಟಿಕೊಂಡ ಪಟ್ಟಿ ಸಡಿಲವಾಗುತ್ತದೆ.
* ಚಿತ್ರದಲ್ಲಿ ಮಂಜು ಸುರಿದಂತೆ ಕಂಡರೆ ವಿಸಿಆರ್‌ನ ಹೆಡ್ ಕೊಳೆಯಾಗಿರುತ್ತದೆ. ಹತ್ತಿಯಿಂದ ಉಜ್ಜಬೇಡಿ, ಎಳೆ ಸಿಕ್ಕಿ ಹೆಡ್ ಮುರಿದೀತು. ಮೆಕ್ಯಾನಿಕ್ ಕೈಲಿ ಸ್ವಚ್ಛ ಮಾಡಿಸಿ.

ಹಂತ ಹಂತವಾಗಿ

1. ವಿಸಿಆರ್ ಹಿಂದಿನ ‘ಔಟ್’ ಎಂದು ಬರೆದ ಸಾಕೆಟ್‌ಗಳಿಂದ ವೈರ್ ತಂದು ಸಾಧನಕ್ಕೆ ಜೋಡಿಸಿ. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ವಿಸಿಆರ್‌ನಲ್ಲಿ ಧ್ವನಿಗೆ ಒಂದೇ ಸಾಕೆಟ್ ಇದ್ದರೆ ಬಿಳಿ ಪಿನ್ ಮಾತ್ರ ಹಾಕಿ.
2. ಸಾಧನವನ್ನು ಕಂಪ್ಯೂಟರಿಗೆ ಚುಚ್ಚಿ. ಸಿಡಿ ಕೊಟ್ಟಿದ್ದರೆ ಅದರಲ್ಲಿರುವ ಡ್ರೈವರ್ ಹಾಕಿಕೊಳ್ಳಿ.
3. ಒಬಿಎಸ್ ಸ್ಟುಡಿಯೊ ಎಂಬ ಸಾಫ್ಟ್‌ವೇರನ್ನು ಅದರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಇದು ಉಚಿತ. ‘ಸೋರ್ಸಸ್’ ಪಟ್ಟಿಯಲ್ಲಿ ‘ವಿಡಿಯೊ ಕ್ಯಾಪ್ಚರ್ ಡಿವೈಸ್’ ಸೇರಿಸಿ, ನಿಮ್ಮ ಸಾಧನವನ್ನು ಆರಿಸಿ.
4. ಸೆಟ್ಟಿಂಗ್ಸ್‌ನಲ್ಲಿ ಚಿತ್ರದ ಅಳತೆಯನ್ನು 768×576 ಎಂದೂ ಸೆಕೆಂಡಿಗೆ 25 ಚಿತ್ರ ಎಂದೂ ಇಡಿ. ಭಾರತದ ಹಳೆಯ ಟಿವಿ ಪದ್ಧತಿಯಾದ ‘ಪಾಲ್’ಗೆ ಇದು ಹೊಂದುತ್ತದೆ. ಆಮೇಲೆ ಚಿತ್ರದ ಮೇಲೆ ಬಲಗುಂಡಿ ಒತ್ತಿ ‘ಸ್ಟ್ರೆಚ್ ಟು ಸ್ಕ್ರೀನ್’ ಕೊಡಿ.
5. ಕೈ ಬೀಸಿದಾಗ, ಜನ ನಡೆದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ ಕಂಡರೆ, ಸೋರ್ಸ್ ಮೇಲೆ ಬಲಗುಂಡಿ ಒತ್ತಿ ‘ಡಿಇಂಟರ್‌ಲೇಸಿಂಗ್’ನಲ್ಲಿ ‘ಯಾಡಿಫ್’ ಆರಿಸಿ.
6. ಮೊದಲು ಎರಡು ನಿಮಿಷ ಮಾತ್ರ ರೆಕಾರ್ಡ್ ಮಾಡಿ. ಚಿತ್ರವೂ ಧ್ವನಿಯೂ ಬಂದಿದೆಯೇ ಎಂದು ಹಾಕಿ ನೋಡಿದ ಮೇಲೆಯೇ ಪೂರ್ತಿ ಕ್ಯಾಸೆಟ್ಟಿಗೆ ಕೈಹಾಕಿ.

ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಬೇಗ ಮುಗಿಸುವ ದಾರಿಯಿಲ್ಲ. ಬೆಳಗಿನ ಹಾಲು ಹಾಕಿ ಬಂದ ಮೇಲೆ ಶುರುಮಾಡಿದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಒಂದೆರಡು ಕ್ಯಾಸೆಟ್ಟು ಮುಗಿದಿರುತ್ತದೆ. ಪಕ್ಕದಲ್ಲೇ ಕೂರಬೇಕೆಂದಿಲ್ಲ, ಆಗಾಗ ಬಂದು ನೋಡಿದರೆ ಸಾಕು.

ಕರೆಂಟು ಹೋದರೆ?

ಇದು ಹಳ್ಳಿಯಲ್ಲಿ ಮುಖ್ಯವಾದ ಮಾತು. ಸಾಮಾನ್ಯ ‘ಎಂಪಿ4’ ಫೈಲಾಗಿ ರೆಕಾರ್ಡ್ ಮಾಡುವಾಗ ನಡುವೆ ಕರೆಂಟು ಹೋದರೆ ಅಷ್ಟರವರೆಗಿನ ಫೈಲೂ ತೆರೆಯದೆ ಹೋಗಬಹುದು. ‘ಎಂಕೆವಿ’ ಎಂದು ಆರಿಸಿಕೊಂಡರೆ ನಿಂತಲ್ಲಿವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಒಬಿಎಸ್‌ನ ‘ಫೈಲ್’ ಮೆನುವಿನಲ್ಲಿ ‘ರೀಮಕ್ಸ್’ ಕೊಟ್ಟರೆ ಮೊಬೈಲಿನಲ್ಲೂ ನೋಡಬಹುದಾದ ಎಂಪಿ4 ಆಗುತ್ತದೆ. ಅನೇಕ ಪೆನ್‌ಡ್ರೈವ್‌ಗಳು 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಸಿಕೊಳ್ಳುವುದಿಲ್ಲ. ಆದ್ದರಿಂದ ಗಂಟೆಗೊಂದು ಫೈಲು ಮಾಡುವುದು ಒಳ್ಳೆಯದು.

ತೊಂದರೆ ಬಂದರೆ ಹೀಗೆ ನೋಡಿ

ಚಿತ್ರ ಕಪ್ಪು-ಬಿಳುಪಾಗಿದ್ದರೆ ಅಥವಾ ಮೇಲೆ ಕೆಳಗೆ ಉರುಳುತ್ತಿದ್ದರೆ: ಸಾಧನದ ಸೆಟ್ಟಿಂಗ್ ‘ಎನ್‌ಟಿಎಸ್‌ಸಿ’ ಎಂದಿರಬಹುದು. ‘ಪಾಲ್’ ಎಂದು ಬದಲಿಸಿ.

ಧ್ವನಿ ಕೇಳದಿದ್ದರೆ: ಒಬಿಎಸ್‌ನಲ್ಲಿ ರೆಕಾರ್ಡ್ ಆಗುವ ಧ್ವನಿ ಸ್ಪೀಕರಿನಲ್ಲಿ ಬಾರದಿರುವುದು ಸಹಜ. ‘ಆಡಿಯೊ ಮಿಕ್ಸರ್’ನಲ್ಲಿ ಹಸಿರು ಪಟ್ಟಿ ಕುಣಿಯುತ್ತಿದ್ದರೆ ಧ್ವನಿ ದಾಖಲಾಗುತ್ತಿದೆ. ಪಟ್ಟಿ ಅಲುಗಾಡದಿದ್ದರೆ ಸೋರ್ಸಿನ ಪ್ರಾಪರ್ಟೀಸ್‌ನಲ್ಲಿ ‘ಯೂಸ್ ಕಸ್ಟಮ್ ಆಡಿಯೊ ಡಿವೈಸ್’ ಎಂಬಲ್ಲಿ ಗುರುತು ಹಾಕಿ ನಿಮ್ಮ ಸಾಧನವನ್ನು ಆರಿಸಿ.

ಚಿತ್ರದ ಮೇಲೆ ಅಡ್ಡ ಗೆರೆ ಓಡುತ್ತಿದ್ದರೆ: ವಿಸಿಆರ್‌ನ ‘ಟ್ರ್ಯಾಕಿಂಗ್’ ಗುಂಡಿಯನ್ನು ನಿಧಾನವಾಗಿ ಸರಿಹೊಂದಿಸಿ.

ಟಿವಿ ಕಾರ್ಯಕ್ರಮಕ್ಕೂ ಇದೇ ಸಾಧನ

ಚಂದನ ವಾಹಿನಿಯ ಕೃಷಿ, ಪಶುಪಾಲನೆ ಕಾರ್ಯಕ್ರಮ ಬರುವ ಹೊತ್ತು, ನಾವು ಕೊಟ್ಟಿಗೆಯಲ್ಲಿರುವ ಹೊತ್ತು ಒಂದೇ ಆಗಿಬಿಡುತ್ತದೆ. ಡಿಡಿ ಫ್ರೀ ಡಿಶ್ ಸೆಟ್‌ಟಾಪ್ ಬಾಕ್ಸಿನ ಹಿಂದೆ ಹಳದಿ, ಬಿಳಿ, ಕೆಂಪು ಸಾಕೆಟ್ ಇದ್ದರೆ ಅದನ್ನು ಇದೇ ಸಾಧನಕ್ಕೆ ಜೋಡಿಸಿ ರೆಕಾರ್ಡ್ ಇಟ್ಟು ಹೋಗಬಹುದು. ರಾತ್ರಿ ಊಟದ ನಂತರ ನೋಡಬಹುದು, ಅರ್ಥವಾಗದ ಕಡೆ ನಿಲ್ಲಿಸಿ ಮತ್ತೊಮ್ಮೆ ಕೇಳಬಹುದು. ಇದು ನಮ್ಮ ಸ್ವಂತ ಕಲಿಕೆಗೆ ಮಾತ್ರ ಇರಲಿ. ಯೂಟ್ಯೂಬಿಗೆ ಹಾಕುವುದು, ಪ್ರತಿ ಮಾಡಿ ಮಾರುವುದು ಕಾನೂನಿಗೆ ವಿರುದ್ಧ.

ಹಳೆಯ ತರಬೇತಿ ಕ್ಯಾಸೆಟ್ಟಿನ ಬಗ್ಗೆಯೂ ಒಂದು ಮಾತು. ಹಾಲು ಕರೆಯುವ ಮುನ್ನ ಕೆಚ್ಚಲು ತೊಳೆದು ಒರೆಸುವ ಪಾಠ ಇಂದಿಗೂ ಸಲ್ಲುತ್ತದೆ. ಆದರೆ ಔಷಧ, ಲಸಿಕೆ, ಪಶು ಆಹಾರದ ಪ್ರಮಾಣ ಬದಲಾಗಿರಬಹುದು. ಚರ್ಮಗಂಟು ರೋಗವನ್ನೇ ನೋಡಿ, ಭಾರತದಲ್ಲಿ ಅದು ಮೊದಲು ಕಂಡದ್ದು 2019ರಲ್ಲಿ. ಹಳೆಯ ಕ್ಯಾಸೆಟ್ಟಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಹಾಗಾಗಿ ಚಿಕಿತ್ಸೆಯ ವಿಷಯ ಬಂದರೆ ಪಶುವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಫೈಲಾದ ಮೇಲೆ

ಫೈಲಿಗೆ ಹೆಸರು ಕೊಡದಿದ್ದರೆ ಆರು ತಿಂಗಳಲ್ಲಿ ಯಾವುದು ಯಾವುದೆಂದು ತಿಳಿಯದು. ವರ್ಷ, ಊರು, ಸಂದರ್ಭ ಮೂರನ್ನೂ ಸೇರಿಸಿ ಹೆಸರಿಡಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ಕ್ಯಾಸೆಟ್ಟನ್ನು ಎಸೆಯಬೇಡಿ. ಒಣ ಜಾಗದಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ.

ಇನ್ನೊಬ್ಬರ ಮನೆಯ ಸಮಾರಂಭವನ್ನು ಅವರನ್ನು ಕೇಳದೆ ವಾಟ್ಸಾಪ್ ಗುಂಪಿಗೆ ಹಾಕಬಾರದು. ತೀರಿಹೋದವರ ಮುಖ ಮೊಬೈಲಿನಲ್ಲಿ ಏಕಾಏಕಿ ಕಂಡರೆ ಮನೆಯವರಿಗೆ ನೋವಾಗಬಹುದು. ಮೊದಲು ಅವರಿಗೆ ತೋರಿಸಿ, ಅವರು ಒಪ್ಪಿದರೆ ಹಂಚಿ.

ಒಬ್ಬೊಬ್ಬರೂ ಸಾಧನ ಕೊಳ್ಳಬೇಕಾಗಿಲ್ಲ. ಹತ್ತು ಮನೆಯವರು ಸೇರಿ ಒಂದು ಕೊಂಡರೆ ತಲೆಗೆ ಬೀಳುವುದು ಕೆಲವೇ ಲೀಟರ್ ಹಾಲಿನ ಹಣ. ಸಂಘದ ಕ್ಯಾಸೆಟ್ಟುಗಳಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯ ಇಡಿ.

ಕಂಪ್ಯೂಟರಿಗೆ ಬಂದ ಚಿತ್ರವನ್ನು ಸಂಘದ ಹಿರಿಯ ಸದಸ್ಯೆಯರ ಜೊತೆ ಕೂತು ನೋಡಿ. ‘ದೀಪ ಹಚ್ಚುತ್ತಿರುವವರು ಯಾರಜ್ಜಿ? ಹಿಂದಿನ ಸಾಲಿನಲ್ಲಿ ಮಗು ಎತ್ತಿಕೊಂಡವರು ಯಾರು?’ ಎಂದು ಕೇಳಿ, ಹೆಸರುಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಚಿತ್ರವನ್ನು ಯಂತ್ರ ಉಳಿಸಿಕೊಡುತ್ತದೆ, ಹೆಸರನ್ನು ಹಿರಿಯರೇ ಹೇಳಬೇಕು. ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಂದಿನ ಸದಸ್ಯರ ಸಭೆಗೆ ಬರುವಾಗ ಅಟ್ಟದ ಮೇಲಿನ ಕ್ಯಾಸೆಟ್ಟನ್ನು ಇಳಿಸಿ, ದೂಳು ಒರೆಸಿ, ಜೊತೆಗೆ ತನ್ನಿ.